ದನದ ಡಾಕ್ಟ್ರ ಕೆಮ್ಮು

ಊರಿಗೆಲ್ಲ ಅವರು ದನದ ಡಾಕ್ಟ್ರು. ಗ್ರಾಮಸಭೆಯಲ್ಲಿ ಮೈಕು ಕೈಗೆ ಬಂದರೆ ನಾಚಿಕೆ ಎಂಬುದು ಹತ್ತಿರ ಸುಳಿಯದು. "ಬೆಳಿಗ್ಗೆ ಬೆದೆಗೆ ಬಂತಾ? ಸಂಜೆ ಸೂಜಿ ಹಾಕಿಸಿ. ಸಂಜೆ ಬಂತಾ? ಮಾರನೇ ಬೆಳಿಗ್ಗೆ. ತಪ್ಪಿದ್ರೆ ಇನ್ನು 21 ದಿನ ಕಾಯ್ರಿ!" ಹೋರಿಯ ವೀರ್ಯ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕೆಡದೆ ಇರುವ ಬಗೆಯನ್ನು ಮದುವೆಯ ಪಂಕ್ತಿಯಲ್ಲಿ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ, ವಿವರಿಸಿದ ಕೀರ್ತಿಯೂ ಅವರದೇ.

ಮನೆಯ ಹೊಸ್ತಿಲು ದಾಟಿದರೆ ಮಾತ್ರ ಬರೀ ಕೆಮ್ಮು. ಟಿ.ವಿ.ಯಲ್ಲಿ ಕಾಂಡೋಮ್ ಜಾಹೀರಾತು ಬಂದರೆ ಕೆಮ್ಮು, ರಿಮೋಟಿಗಾಗಿ ತಡಕಾಟ, ಕೊನೆಗೆ "ಮಗಾ, ನೀರು ತಗೊಂಬಾ." 2017ರ ಡಿಸೆಂಬರಿನಲ್ಲಿ ಇಂಥ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ ಮಾತ್ರ ತೋರಿಸಿ ಎಂದು ಕೇಂದ್ರ ಸರ್ಕಾರ ಚಾನೆಲ್‌ಗಳಿಗೆ ಹೇಳಿದಾಗ ಡಾಕ್ಟ್ರು ನಿಟ್ಟುಸಿರು ಬಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಮಕ್ಕಳು ಎಚ್ಚರವಿರುವ ಹೊತ್ತೇ ಅದು ಎಂದು ಅವರಿಗೆ ಹೇಳಿ ಮನಸ್ಸು ಕೆಡಿಸುವುದೇಕೆಂದು ನಾನು ಸುಮ್ಮನಿದ್ದೆ.

ಹೋದ ತಿಂಗಳು ಒಗೆಯಲು ಹಾಕಿದ ಮಗನ ಅಂಗಿಯ ಜೇಬಿನಲ್ಲಿ ಒಂದು ಕರಪತ್ರ ಸಿಕ್ಕಿತು. ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನ. ಪ್ರತಿ ಮಂಗಳವಾರ, ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜು. ಅದರೊಳಗೆ ಮಡಚಿಟ್ಟ ಐನೂರರ ನೋಟು, ಅಜ್ಜಿ ಹಬ್ಬಕ್ಕೆ ಕೊಟ್ಟಿದ್ದು. ಹೆಂಡತಿ ಎರಡನ್ನೂ ಗಂಡನ ಕೈಗಿಟ್ಟು, "ರೀ, ಊರ ಹೋರಿಗಳದ್ದೆಲ್ಲ ನೋಡಿದ್ದಾಯ್ತು. ಇದನ್ನೂ ನೋಡಿ" ಎಂದರಂತೆ.

ಅವರ ಕೊಟ್ಟಿಗೆಗೂ ನಮ್ಮ ಬಚ್ಚಲಿಗೂ ಒಂದೇ ಗೋಡೆ. ನಾನು ಕದ್ದು ಕೇಳಲಿಲ್ಲ. ಸ್ನಾನ ಸ್ವಲ್ಪ ತಡವಾಯಿತು, ಅಷ್ಟೆ. ಮೊದಲು ಮೂರು ಕೆಮ್ಮು. ಆಮೇಲೆ, "ಅದು ರೋಗ ಅಲ್ಲ ಕಣೋ. ನಿನ್ನ ವಯಸ್ಸಲ್ಲಿ ಎಲ್ರಿಗೂ ಆಗುತ್ತೆ. ನಂಗೂ ಆಗಿತ್ತು."

"ಒಂದು ಹನಿ ಹೋದ್ರೆ ನಲವತ್ತು ಹನಿ ರಕ್ತ ಹೋದಂಗೆ ಅಂತಾರಲ್ಲಪ್ಪ?"

"ಯಾವನೋ ಅಂದಿದ್ದು? ಹೆಸರಘಟ್ಟದ ವೀರ್ಯ ಕೇಂದ್ರಕ್ಕೆ ಬಾ ತೋರಿಸ್ತೀನಿ. ವಾರಕ್ಕೆರಡು ಸಲ ತೆಗೀತಾರೆ, ಹೋರಿ ಆನೆಮರಿ ಇದ್ದಂಗಿದೆ!"

ಹುಡುಗ ನಕ್ಕ. ನಕ್ಕಿದ್ದೇ ತಡ, ಎಷ್ಟು ದಿನದಿಂದ ಅದುಮಿಟ್ಟಿದ್ದನೋ, ಪ್ರಶ್ನೆಗಳು ಕಟ್ಟೆಯೊಡೆದವು. ಕಾಂಡೋಮ್ ಯಾಕೆ? ಮೊಬೈಲಲ್ಲಿ ತೋರಿಸೋದೆಲ್ಲ ನಿಜವಾ? ಹುಡುಗಿ ಬೇಡ ಅಂದ್ರೆ? ಮೊದಲೆರಡನ್ನು ಡಾಕ್ಟ್ರು ಹೇಗೋ ದಾಟಿದರು. ಮೂರನೆಯದಕ್ಕೆ ಕೊಟ್ಟಿಗೆಯ ವಿದ್ಯೆಯೆಲ್ಲ ಕೈಕೊಟ್ಟಿತು. ಬಹಳ ಹೊತ್ತು ಹಸು ಮೆಲುಕು ಹಾಕುವ ಸದ್ದೊಂದೇ.

"ದನಾನ ಯಾರೂ ಕೇಳಲ್ಲ ಕಣೋ. ಮನುಷ್ಯರನ್ನ ಕೇಳ್ಲೇಬೇಕು. ಬೇಡ ಅಂದ್ರೆ ಬೇಡ, ಅಲ್ಲಿಗೆ ಮುಗೀತು."

ಮಂಗಳವಾರ ಲಾಡ್ಜಿನ ವೈದ್ಯನಿಗೆ ಒಂದು ಗಿರಾಕಿ ಕಮ್ಮಿಯಾಯಿತು. ಐನೂರು ರೂಪಾಯಿ ಕ್ರಿಕೆಟ್ ಬ್ಯಾಟಿಗೆ ಹೋಯಿತು.

ಮೊನ್ನೆ ಭಾನುವಾರ ಅವರ ಗೇಟಿನ ಮುಂದೆ ಮೀಸೆ ಚಿಗುರುತ್ತಿದ್ದ ಮೂವರು ಹುಡುಗರು ಸೈಕಲ್ ನಿಲ್ಲಿಸಿ, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಕೊನೆಗೆ ಒಬ್ಬ ಧೈರ್ಯ ಮಾಡಿದ: "ಆಂಟಿ, ಅಂಕಲ್ ಕೊಟ್ಟಿಗೇಲಿದ್ದಾರಾ?"

ಒಳಗಿನಿಂದ ಕೆಮ್ಮು ಕೇಳಿಸಿತು.