‘ನೋಡೋಣ’ ಎಂಬ ಐದನೇ ಆಯ್ಕೆ

ನಮ್ಮಕ್ಕನ ಮಗಳು ಎಂ.ಎಸ್ಸಿ. ಸೈಕಾಲಜಿಯ ಕೊನೇ ಸೆಮಿಸ್ಟರಿಗೆ ಕಾಲಿಟ್ಟವಳೇ ಟಾಪಿಕ್ ಹುಡುಕಲು ಕೂತಳು. ಮೂರು ವಾರ ಹುಡುಕಿದಳು. ಡಿಸರ್ಟೇಶನ್ನಿಗೆ ಟಾಪಿಕ್ ಹುಡುಕುವುದೂ ಒಂದೇ, ಗಂಡು ಹುಡುಕುವುದೂ ಒಂದೇ. ಮೊದಮೊದಲು ಬಂದದ್ದಕ್ಕೆಲ್ಲ ಹೆಸರಿಡುವುದು, ಲಗ್ನದ ತಿಂಗಳು ಮುಗಿಯುತ್ತ ಬಂದಾಗ ಎದುರಿಗೆ ಕೂತವನಿಗೆ ಹೂಂ ಅಂದುಬಿಡುವುದು.

ಅವಳಿಗೆ ಮೊದಲು ಹೊಳೆದದ್ದು ಒಳ್ಳೆಯ ಟಾಪಿಕ್ಕೇ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೊರಗೆ ಬೆಂಚಿನಲ್ಲಿ ಕಾಯುವವರ ಪಕ್ಕ ಕೂತು, ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಹೋಗಿಬಂದಿರಿ, ಯಾವ ಹರಕೆ, ಯಾವ ತಾಯತ, ಎಷ್ಟು ಸಾಲ ಎಂದು ಕೇಳಿ ಬರೆದುಕೊಳ್ಳುವ ಆಸೆ ಅವಳದ್ದು. ಗೈಡ್ ಮೇಡಂ ಪೂರ್ತಿ ಕೇಳಿಸಿಕೊಂಡರು. ‘ಪೇಷಂಟ್ಸ್ ಅಂದ್ರೆ ಎಥಿಕ್ಸ್ ಕಮಿಟಿಗೆ ಹೋಗ್ಬೇಕು. ಅವರು ಮೀಟಿಂಗ್ ಕರೆಯೋಷ್ಟರಲ್ಲಿ ನಿನ್ನ ಘಟಿಕೋತ್ಸವ ಆಗಿರುತ್ತೆ. ಸುಮ್ನೆ ಆಟಿಟ್ಯೂಡ್ ತಗೋ’ ಅಂದರು. ತರಕಾರಿಯವನು ‘ಬೀನ್ಸ್ ಇವತ್ತು ಚೆನ್ನಾಗಿಲ್ಲ, ಸೋರೆಕಾಯಿ ತಗೊಳ್ಳಿ’ ಅನ್ನುವ ಧಾಟಿಯಲ್ಲಿ.

ಹೀಗೆ ನಮ್ಮ ಮನೆಗೆ ಸೋರೆಕಾಯಿ ಬಂತು. ‘ಬೆಂಗಳೂರು ನಗರದ ಪದವಿ ವಿದ್ಯಾರ್ಥಿಗಳಲ್ಲಿ ವೃತ್ತಿಪರ ಮಾನಸಿಕ ನೆರವು ಪಡೆಯುವ ಕುರಿತ ಮನೋಭಾವ: ಒಂದು ಅಧ್ಯಯನ.’ ಈ ಶೀರ್ಷಿಕೆಗೆ ಒಂದು ಸೌಲಭ್ಯವುಂಟು. ಬೆಂಗಳೂರು ತೆಗೆದು ತುಮಕೂರು ಹಾಕಿ, ಪದವಿ ತೆಗೆದು ನರ್ಸಿಂಗ್ ಹಾಕಿ, ಪಕ್ಕದ ಬೆಂಚಿನವಳ ಡಿಸರ್ಟೇಶನ್ನೂ ತಯಾರು. ಬಸ್ಸು ಅದೇ, ಬೋರ್ಡು ಮಾತ್ರ ಬೇರೆ.

ಮನೋಭಾವದ ಮೇಲೆ ನಮ್ಮ ಕಾಲೇಜುಗಳಿಗೆ ಇಷ್ಟೊಂದು ಪ್ರೀತಿ ಯಾಕೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಈಗ ಆಗಿದೆ. ಮನೋಭಾವ ಎಲ್ಲರ ಹತ್ತಿರವೂ ಇರುತ್ತದೆ, ಕೇಳಿದ ತಕ್ಷಣ ಕೊಡುತ್ತಾರೆ, ಮತ್ತು ಕೊಡುವಾಗ ಯಾರೂ ಅಳುವುದಿಲ್ಲ. ಥೆರಪಿ ಬಗ್ಗೆ ಏನಂತೀರಿ ಎಂದು ಕೇಳಿ ನೋಡಿ, ಭಾಷಣ ಸಿಗುತ್ತದೆ. ನಿಮಗೇನಾಗಿದೆ ಎಂದು ಕೇಳಿದರೆ ಕಷ್ಟ. ಕೇಳಿದವರು ಕೂತು ಕೇಳಿಸಿಕೊಳ್ಳಬೇಕಾಗುತ್ತದೆ, ಕೇಳಿಸಿಕೊಂಡದ್ದನ್ನು ಎಕ್ಸೆಲ್ ಶೀಟಿನ ಯಾವ ಕಾಲಮ್ಮಿಗೆ ತುಂಬುವುದು?

ಇನ್ನು ಅಳತೆಗೋಲು. ಅದೂ ಸಿದ್ಧವಾಗಿ ಸಿಗುತ್ತದೆ. 1970ರಲ್ಲಿ ಅಮೆರಿಕದಲ್ಲಿ ಫಿಷರ್ ಮತ್ತು ಟರ್ನರ್ ಎಂಬಿಬ್ಬರು 29 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ಓದಿ ಓದಿ ಜನಕ್ಕೆ ಬೇಸರವಾಯಿತೋ ಏನೋ, 1995ರಲ್ಲಿ ಫಿಷರ್ ಮತ್ತು ಫರೀನಾ ಅದನ್ನು 10ಕ್ಕೆ ಇಳಿಸಿದರು. ನಮ್ಮ ಹುಡುಗಿ 10ರದ್ದನ್ನೇ ಆರಿಸಿದಳು. ಯಾರಿದ್ದರೂ ಅದನ್ನೇ ಆರಿಸುತ್ತಿದ್ದರು.

ಕನ್ನಡ ಮೀಡಿಯಮ್ಮಿನ ಮಕ್ಕಳೂ ತುಂಬಲಿ ಎಂದು ಮೇಡಂ ಅನುವಾದ ಮಾಡಿಸಲು ಹೇಳಿದ್ದರು. ಒಂದು ಭಾನುವಾರ ಸಂಜೆ ನಮ್ಮ ಹಜಾರವೇ ಭಾಷಾಂತರ ಕಮ್ಮಟವಾಯಿತು. ಮೊದಲನೆಯ ಪದಕ್ಕೇ ಗಾಡಿ ನಿಂತಿತು. ಥೆರಪಿ.

‘ಮಂಡಿಗೆ ಮಾಡಿಸ್ಕೊಂಡ್ನಲ್ಲ, ಅದೇ ತಾನೇ?’ ಅಂದಳು ಅಕ್ಕ.

‘ನಂಗೆ ಥೆರಪಿ ಅಂದ್ರೆ ಕೀಮೋನೇ ನೆನಪಾಗೋದು, ಬೇಡಪ್ಪ’ ಅಂದಳು ನನ್ನ ಹೆಂಡತಿ, ಅಡುಗೆಮನೆಯಿಂದಲೇ.

ಚಿಕಿತ್ಸೆ ಎಂದರೆ ಮಾತ್ರೆ. ಸರ್ಕಾರಿ ಬೋರ್ಡಿನಲ್ಲಿ ಕಂಡದ್ದು ನೆನಪಾಗಿ ನಾನು ‘ಆಪ್ತಸಮಾಲೋಚನೆ’ ಅಂದೆ, ಸ್ವಲ್ಪ ಬೀಗುತ್ತಲೇ. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಮ್ಮಮ್ಮ ತಲೆ ಎತ್ತಿದಳು. ‘ಆಪ್ತರ ಹತ್ರ ಹೇಳ್ಕೊಳ್ಳೋ ಹಾಗಿದ್ರೆ ಅಲ್ಲಿಗ್ಯಾಕೋ ಹೋಗ್ಬೇಕಿತ್ತು?’

ಪದ ಬಿದ್ದುಹೋಯಿತು. ‘ಮಾನಸಿಕ’ದ ಸರದಿ ಬಂದಾಗ ಇನ್ನೂ ಫಜೀತಿ. ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ವಿಶೇಷಣವಾಗಿದ್ದ ‘ಮೆಂಟಲ್’ ಕನ್ನಡಕ್ಕೆ ಬಂದು ನಾಮಪದವಾಗಿ ಕೂತಿದೆ. ‘ಅವನೊಬ್ಬ ಮೆಂಟಲ್ಲು.’ ಹಾಗಾಗಿ ಮೆಂಟಲ್ ಹೆಲ್ತ್ ಅಂದರೆ ನಮ್ಮ ಕಿವಿಗೆ ಬೀಳುವುದು ಮೆಂಟಲ್ಲುಗಳ ಹೆಲ್ತು. ಅದರ ಯೋಗಕ್ಷೇಮ ನಮಗ್ಯಾಕೆ?

ಭಾವ ಈ ಹೊತ್ತಿಗೆ ಪೇಪರ್ ಮಡಚಿಟ್ಟರು. ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಪ್ಪ?’

ಭಾವ ಮೈಸೂರಿನವರು. ಪಾಕ್, ಮಲ್ಲಿಗೆ, ಊದುಬತ್ತಿ, ದಸರಾ, ಯಾವುದರ ಮಾತು ಬಂದರೂ ನಮ್ಮೂರದ್ದು ಅನ್ನುವವರು. ‘ಸೈಕಾಲಜೀನೂ ನಿಮ್ಮೂರದ್ದೇ ಭಾವ’ ಅಂದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು, ಎಂ.ವಿ. ಗೋಪಾಲಸ್ವಾಮಿಯವರ ಕೈಯಲ್ಲಿ. ಅದೇ ಮೇಷ್ಟ್ರು 1935ರಲ್ಲಿ ಮನೆಯಲ್ಲೊಂದು ರೇಡಿಯೋ ನಿಲಯ ಮಾಡಿ ಅದನ್ನು ಆಕಾಶವಾಣಿ ಎಂದು ಕರೆದರು. ಆ ಹೆಸರು ದೇಶಕ್ಕೆಲ್ಲ ಗೊತ್ತು. ಅಂದರೆ ಆ ಮಹಾನುಭಾವರು ಕೊಟ್ಟ ಎರಡರಲ್ಲಿ ಒಂದನ್ನು ಇಟ್ಟುಕೊಂಡೆವು. ಯಾರೋ ಮಾತಾಡುತ್ತಿದ್ದರೆ ಕೇಳುವ ಪೆಟ್ಟಿಗೆ ಬೇಕಾಯಿತು, ನಾವು ಮಾತಾಡಿದ್ದನ್ನು ಕೇಳುವವರು ಬೇಡವಾದರು.

ಬೇಡವಾದರು ಅನ್ನುವುದೂ ಸುಳ್ಳು. ಭಾವನಿಗೇ ಒಬ್ಬ ಜೋಯಿಸರಿದ್ದಾರೆ. ಎದುರಿಗೆ ಕೂತ ತಕ್ಷಣ ಅವರು ಕೇಳುವ ಮೊದಲ ಪ್ರಶ್ನೆ, ‘ಮನಸ್ಸಿಗೆ ನೆಮ್ಮದಿ ಇಲ್ಲ, ಅಲ್ವಾ?’ ನೆಮ್ಮದಿ ಇದ್ದವನು ಅಲ್ಲಿಗೆ ಬರುತ್ತಾನೆಯೇ! ಅಲ್ಲಿಂದ ಮುಂದೆ ಒಂದು ಗಂಟೆ ಭಾವ ಆಫೀಸು, ಪ್ರಮೋಷನ್ನು, ತಮ್ಮನ ಜೊತೆಗಿನ ಆಸ್ತಿ ವ್ಯಾಜ್ಯ ಎಲ್ಲ ಹೇಳಿಕೊಳ್ಳುತ್ತಾರೆ. ಜೋಯಿಸರು ಹೂಂಗುಟ್ಟುತ್ತಾರೆ, ತಪ್ಪೆಲ್ಲ ಶನಿಯದ್ದು ಅನ್ನುತ್ತಾರೆ. ಹಗುರಾಗಿ ಹೊರಗೆ ಬಂದ ಭಾವ ಎರಡು ಸಾವಿರ ಕೊಟ್ಟು ರಸೀದಿಯನ್ನೂ ಕೇಳದೆ ಮನೆಗೆ ಬಂದು, ‘ಬರೀ ಮಾತಾಡೋಕೆ ದುಡ್ಡು ತಗೋತಾರಂತೆ ಈ ಕೌನ್ಸೆಲರ್‌ಗಳು’ ಎಂದು ಆಶ್ಚರ್ಯಪಡುತ್ತಾರೆ.

ಅಂತೂ ಹತ್ತು ಹೇಳಿಕೆಗಳೂ ಕನ್ನಡಕ್ಕೆ ಬಂದವು. ಟ್ರಯಲ್ಲಿಗೆ ನಾವೇ ತುಂಬಿದೆವು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ: ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಸ್ವಲ್ಪ ಒಪ್ಪುವುದಿಲ್ಲ, ಒಪ್ಪುವುದಿಲ್ಲ. ಅಮ್ಮ ಕನ್ನಡಕ ಏರಿಸಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

‘ಪುಟ್ಟೀ, ನೋಡೋಣ ಅನ್ನೋದು ಎಲ್ಲಿದೆ ಇದ್ರಲ್ಲಿ?’

ಇಲ್ಲ. ಸೈಟು ಕೊಳ್ಳುವುದರಿಂದ ಹಲ್ಲು ಕೀಳಿಸುವ ತನಕ ಈ ನಾಡಿನ ಸಮಸ್ತ ತೀರ್ಮಾನಗಳೂ ನಡೆಯುವುದು ಯಾವ ಒಂದು ಪದದಲ್ಲೋ ಆ ಪದಕ್ಕೆ ಫಿಷರ್ ಸಾಹೇಬರು ಜಾಗ ಇಟ್ಟಿಲ್ಲ. ಮಗ ಮೂರು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀರಾ? ‘ಪರೀಕ್ಷೆ ಮುಗೀಲಿ, ನೋಡೋಣ.’ ಒಪ್ಪುವುದಿಲ್ಲ ಎಂದು ಯಾರೂ ಅಂದಿಲ್ಲ ನೋಡಿ. ನಮ್ಮದು ಬಹಳ ಸಕಾರಾತ್ಮಕ ಮನೋಭಾವ. ನಮ್ಮ ದೂರದ ಸಂಬಂಧಿಯೊಬ್ಬರು ಪ್ರತಿ ತಿಂಗಳೂ ನಿಮ್ಹಾನ್ಸ್‌ಗೆ ತಪ್ಪದೆ ತೋರಿಸಿಕೊಳ್ಳಲು ಹೋಗುತ್ತಿದ್ದರು. ಬಸ್ಸಿನಲ್ಲಿ ಮಾತ್ರ ‘ಡೈರಿ ಸರ್ಕಲ್’ ಎಂದು ಟಿಕೆಟ್ ತೆಗೆಸಿ, ಅಲ್ಲಿಳಿದು, ಬಿಸಿಲಲ್ಲಿ ವಾಪಸು ನಡೆದುಕೊಂಡು ಬರುತ್ತಿದ್ದರು. ಕಂಡಕ್ಟರ್ ಏನಂದುಕೊಂಡಾನು? ಅವರನ್ನು ಕೇಳಿದ್ದರೆ ಪೂರ್ತಿಗೆ ಪೂರ್ತಿ ಅಂಕ.

ಡಿಸರ್ಟೇಶನ್ನಿನ ಮೊದಲ ಅಧ್ಯಾಯ ಬರೆಯುವಾಗ ಹುಡುಗಿ ನನ್ನ ಟೇಬಲ್ಲಿಗೇ ಬಂದು ಕೂತಳು. 2015–16ರಲ್ಲಿ ನಿಮ್ಹಾನ್ಸ್ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಹನ್ನೆರಡು ರಾಜ್ಯ ಸುತ್ತಿದರು. ಆ ಹನ್ನೆರಡರಲ್ಲಿ ಕರ್ನಾಟಕವಿಲ್ಲ. ಕೋಲಾರದಲ್ಲಿ ಪೈಲಟ್ ಸಮೀಕ್ಷೆ ಮಾಡಿ ಉಪ್ಪು ಹುಳಿ ಸರಿಯಿದೆಯಾ ಎಂದು ನಾಲಿಗೆಗೆ ಹಚ್ಚಿ ನೋಡಿದರು, ಊಟ ಬಡಿಸಿದ್ದು ಅಸ್ಸಾಮಿನಿಂದ ತಮಿಳುನಾಡಿನ ತನಕ ಬೇರೆಯವರಿಗೆ. ಬಡಿಸುವವಳ ತಟ್ಟೆ ಯಾವಾಗಲೂ ಕೊನೆಗೇ ತಾನೇ. ಆ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ವಯಸ್ಕರಿಗೆ ಆ ಹೊತ್ತಿಗೆ ಏನಾದರೊಂದು ಮಾನಸಿಕ ತೊಂದರೆ ಇದ್ದದ್ದು ಕಂಡಿತು, ಶೇ. 10.6. ಅದಕ್ಕಿಂತ ಕಹಿ ಇನ್ನೊಂದು ಲೆಕ್ಕ. ತೊಂದರೆ ಇದ್ದವರಲ್ಲಿ, ಒಂದೊಂದು ಕಾಯಿಲೆಗೆ ಒಂದೊಂದು ಪ್ರಮಾಣದಲ್ಲಿ, ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಜಿಲ್ಲೆ ಜಿಲ್ಲೆಗೂ ಚಿಕಿತ್ಸೆ ತಲುಪಿಸುವುದು ಹೇಗೆ ಎಂದು ದೇಶಕ್ಕೆ ಮಾದರಿ ತೋರಿಸಿದ್ದು ನಮ್ಮ ಬಳ್ಳಾರಿ, 1980ರ ದಶಕದಲ್ಲಿ. ಅದನ್ನೇ ನೋಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಅಲ್ಲಿಂದ ಸಮೀಕ್ಷೆಗೆ ಇಪ್ಪತ್ತು ವರ್ಷ.

‘ಮಾವ, ಕೇಳ್ಬೇಕಾಗಿರೋದು ಈ ಎಪ್ಪತ್ತು, ತೊಂಬತ್ತು ಜನಾನ ಅಲ್ವಾ?’ ಅಂದಳು. ಬುದ್ಧಿವಂತೆ. ಆದರೆ ಆ ಎಪ್ಪತ್ತು, ತೊಂಬತ್ತು ಜನ ಅವಳ ವಾಟ್ಸಾಪ್ ಗ್ರೂಪಿನಲ್ಲಿರಲಿಲ್ಲ.

ಗ್ರೂಪಿನಲ್ಲಿದ್ದವರು ಬೇರೆ ಕಾಲೇಜುಗಳ ಸೈಕಾಲಜಿ ವಿದ್ಯಾರ್ಥಿಗಳು. ಅವರಿಗೂ ಡಿಸರ್ಟೇಶನ್, ಅವರಿಗೂ ಆಟಿಟ್ಯೂಡ್, ಅವರಿಗೂ ಇನ್ನೂರು ಜನ ಬೇಕು. ಹಳ್ಳಿಯಲ್ಲಿ ಮುಯ್ಯಾಳು ಪದ್ಧತಿ ನೋಡಿದ್ದೀರಲ್ಲ, ಇವತ್ತು ನಿನ್ನ ಗದ್ದೆಯಲ್ಲಿ ನಾನು ನಾಟಿ ಹಾಕುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಗೂಗಲ್ ಫಾರ್ಮಿನ ನಾಟಿಯೂ ಹಾಗೇ ನಡೆಯಿತು. ಥೆರಪಿಸ್ಟ್ ಆಗಲು ಹೊರಟವರನ್ನು ಥೆರಪಿ ಒಳ್ಳೆಯದೇ ಎಂದು ಥೆರಪಿಸ್ಟ್ ಆಗಲು ಹೊರಟವರು ಕೇಳಿದರು. ಒಳ್ಳೆಯದಂತೆ. ನಾಲ್ಕು ದಿನದಲ್ಲಿ 214 ಉತ್ತರ ಬಿತ್ತು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ವ್ಯತ್ಯಾಸವಿಲ್ಲ ಎಂಬ ಶೂನ್ಯ ಪ್ರಾಕ್ಕಲ್ಪನೆ ಮೊದಲೇ ಟೈಪಾಗಿತ್ತು. ‘ಜನರಲ್ಲಿ ಜಾಗೃತಿ ಮೂಡಿಸಬೇಕು’ ಎಂಬ ಕೊನೇ ಪುಟದ ಶಿಫಾರಸು ಅದಕ್ಕೂ ಮೊದಲು.

ಜಾಗೃತಿ ಮೂಡಿಸುವ ಹೊತ್ತಿಗೆ ಅವಳಿಗೆ ನಿದ್ದೆ ಹೋಗಿತ್ತು. ರಾತ್ರಿ ಎರಡಕ್ಕೆ ಲೈಟು, ಬೆಳಿಗ್ಗೆ ಎದೆ ಡವಡವ, ತಟ್ಟೆಯಲ್ಲಿ ಅನ್ನ ಹಾಗೇ. ‘ಕಾಲೇಜಲ್ಲಿ ಕೌನ್ಸೆಲಿಂಗ್ ರೂಮಿದೆ ಅಂದಿದ್ಯಲ್ಲ, ಒಂದ್ಸಲ ಹೋಗಿ ಬಾ’ ಅಂದೆ.

‘ಇದೆ ಮಾವ. ಅದ್ರಲ್ಲಿ ಮುರಿದಿರೋ ಕುರ್ಚಿ ಇಟ್ಟಿದ್ದಾರೆ. ನ್ಯಾಕ್ ಟೀಮ್ ಬಂದಾಗ ತೆಗೀತಾರೆ.’

‘ಹಾಗಾದ್ರೆ ಕೌನ್ಸೆಲರ್?’

‘ನಮ್ ಗೈಡೇ.’

‘ಹೊರಗೆ ಯಾರನ್ನಾದ್ರೂ ನೋಡೋಣ್ವಾ?’

ಅವಳು ಒಂದು ಕ್ಷಣ ಸುಮ್ಮನಿದ್ದಳು. ‘ಬೇಡ ಮಾವ. ಕ್ಲಾಸಲ್ಲಿ ಯಾರಿಗಾದ್ರೂ ಗೊತ್ತಾದ್ರೆ? ಸೈಕಾಲಜಿ ಓದ್ತಿರೋಳಿಗೇ ಹೀಗಾ ಅಂತಾರೆ.’ ಅಡುಗೆಮನೆಯಿಂದ ಅಕ್ಕನ ದನಿ ಬಂತು, ‘ಬಯೋಡೇಟಾ ಬೇರೆ ಕೊಟ್ಟಿದೀವಿ, ಈಗ ಅದೆಲ್ಲ ಯಾಕೆ. ಸಬ್ಮಿಟ್ ಆಗ್ಲಿ, ನೋಡೋಣ.’

ಅವತ್ತೇ ರಾತ್ರಿ ಕರೆಂಟು ಹೋಯಿತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಅಜ್ಜಿಯ ಕಾಲಬುಡದಲ್ಲಿ ಬಂದು ಕೂತಳು. ಅಮ್ಮ ತಾನಾಗೇ ಶುರುಮಾಡಿದಳು. ಅವಳ ತಂಗಿ, ನನ್ನ ಚಿಕ್ಕಮ್ಮ. ಚೊಚ್ಚಲ ಹೆರಿಗೆಯಾಗಿ ಹದಿನೈದು ದಿನಕ್ಕೆ ಮಗುವನ್ನು ಮುಟ್ಟುವುದು ಬಿಟ್ಟಳಂತೆ, ನಿದ್ದೆ ಬಿಟ್ಟಳಂತೆ, ಗೋಡೆ ಜೊತೆ ಮಾತಾಡಿದಳಂತೆ. ಬಾಣಂತಿ ಸನ್ನಿ ಅಂದರು. ಬೇವಿನ ಸೊಪ್ಪಲ್ಲಿ ಹೊಡೆಸಿದರು. ಎರಡು ದೇವಸ್ಥಾನದಲ್ಲಿ ಅಮಾವಾಸ್ಯೆ ಕಳೆದರು. ಕೊನೆಗೆ ನಮ್ಮ ತಾತ ಯಾರ ಮಾತೂ ಕೇಳದೆ ಬೆಂಗಳೂರಿಗೆ ಕರೆದುಕೊಂಡು ಬಂದು ಆಸ್ಪತ್ರೆಗೆ ಸೇರಿಸಿದರು. ಎರಡು ತಿಂಗಳಲ್ಲಿ ಸರಿಹೋದಳು.

‘ಸರಿಹೋದ್ಲು ಕಣೇ. ರಂಗೋಲಿ ಮೊದಲಿಗಿಂತ ಚೆನ್ನಾಗಿ ಹಾಕೋಳು. ಗಂಡನ ಮನೇಯವರು ಮಾತ್ರ ಕರ್ಕೊಂಡು ಹೋಗೋಕೆ ಬರಲಿಲ್ಲ.’

ಮುಂದಿನದು ಎಪ್ಪತ್ತರ ದಶಕದ ಶುರುವಿನ ಮಾತು. ತ್ರಿವೇಣಿಯವರ ಕಾದಂಬರಿ ಪುಟ್ಟಣ್ಣನವರ ಕೈಯಲ್ಲಿ ಸಿನಿಮಾ ಆಗಿ ಬಂತು, ‘ಶರಪಂಜರ’. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಸುತ್ತಲಿನವರ ನೋಟವೇ ಮತ್ತೆ ಅಲ್ಲಿಗೆ ತಳ್ಳುವ ಕಥೆ. ಬೀದಿಯ ಹೆಂಗಸರೆಲ್ಲ ಗುಂಪು ಕಟ್ಟಿಕೊಂಡು ಟೆಂಟಿಗೆ ಹೋದರಂತೆ, ಸೆರಗು ನೆನೆಯುವಷ್ಟು ಅತ್ತರಂತೆ. ಅದೇ ದಾರಿಯಲ್ಲಿ ವಾಪಸು ಬರುವಾಗ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನನ್ನು ಕಂಡು, ಜೊತೆಯಲ್ಲಿದ್ದ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರಂತೆ.

ಕರೆಂಟು ಬಂತು. ಹುಡುಗಿ ಕಣ್ಣೊರೆಸಿಕೊಂಡಳು.

‘ಇದನ್ನ ಬರ್ಕೊಂಡ್ಯಾ?’ ಅಮ್ಮ ಕೇಳಿದಳು.

‘ಇಲ್ಲ ಅಜ್ಜಿ. ನಮ್ಮ ಸ್ಯಾಂಪಲ್‌ಗೆ 18ರಿಂದ 25 ವಯಸ್ಸಿನೋರು ಮಾತ್ರ. ನಿಂದು ಎಕ್ಸ್‌ಕ್ಲೂಡ್ ಆಗುತ್ತೆ.’

ಅಮ್ಮನಿಗೆ ಎಕ್ಸ್‌ಕ್ಲೂಡ್ ಗೊತ್ತಾಗಲಿಲ್ಲ, ವಯಸ್ಸು ಗೊತ್ತಾಯಿತು. ಬೆರಳು ಮಡಚಿ ಲೆಕ್ಕ ಹಾಕಿದಳು.

‘ಅವಳಿಗೂ ಆಗ ಇಪ್ಪತ್ತೆರಡೇ ಕಣೇ’ ಅಂದಳು.