ತೀರ್ಪು ತಲುಪಿದೆ, ಒಪ್ಪಿಗೆಯಾಗಿಲ್ಲ

ಕೋರ್ಟಿನಲ್ಲಿ ಸೋತ ಮೇಲೆ ಏನು ಮಾಡಬೇಕು ಎಂಬುದು ನಮ್ಮ ಕೊಪ್ಪಳ ಸೀಮೆಯ ಜನಕ್ಕೆ ಗೊತ್ತಿದೆ. ಹೊಲದ ಬದುವಿನ ವ್ಯಾಜ್ಯ ಹಿಡಿದು ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋದವನು ಸೋತರೆ, ವಕೀಲರ ಬಾಕಿ ಫೀಜು ಚುಕ್ತಾ ಮಾಡಿ, ಒಂದು ಪ್ಲೇಟು ಗಿರ್ಮಿಟ್ಟು ತಿಂದು, ದಾರಿಯುದ್ದಕ್ಕೂ ಎದುರಾಳಿಯ ವಂಶ ಜಾಲಾಡಿ, ಊರು ಮುಟ್ಟಿದ ಮೇಲೆ ಬದು ಬಿಟ್ಟುಕೊಡುತ್ತಾನೆ. ಬಿಡದಿದ್ದರೆ ಪೊಲೀಸರು ಬಂದು ಬಿಡಿಸುತ್ತಾರೆ. ಪಾಪ, ಅವನಿಗೆ ತೆರಿಗೆ ಇಲಾಖೆಯಲ್ಲಿ ನೌಕರಿ ಮಾಡಿದ ಅನುಭವವಿಲ್ಲ. ಇದ್ದಿದ್ದರೆ ಮರುದಿನ ಬೆಳಿಗ್ಗೆ ಅದೇ ಬದುವಿನ ಮೇಲೆ ಕುಂಟೆ ಹೊಡೆಯುತ್ತ ಹೇಳುತ್ತಿದ್ದ: 'ಮಾನ್ಯ ನ್ಯಾಯಾಲಯದ ತೀರ್ಪನ್ನು ಗೌರವಿಸುತ್ತೇನೆ. ಆದರೆ ಒಪ್ಪಿಕೊಂಡಿಲ್ಲ.'

ಇದು ನಾನು ಕಟ್ಟಿದ ಮಾತಲ್ಲ. ತೆರಿಗೆ ಆದೇಶಗಳನ್ನು ಓದುವುದೇ ಹೊಟ್ಟೆಪಾಡಾಗಿರುವ ಯಾವ ಲೆಕ್ಕಪರಿಶೋಧಕರನ್ನಾದರೂ ಕೇಳಿ. ಈ ವಿಷಯದಲ್ಲಿ ಹೈಕೋರ್ಟಿನ ತೀರ್ಪು ಇರುವುದು ಹೌದು, ಇಲಾಖೆ ಅದನ್ನು ಒಪ್ಪಿಲ್ಲ, ಆದ್ದರಿಂದ ತೆರಿಗೆ ಹಾಕಲಾಗಿದೆ ಎಂಬ ಧಾಟಿಯ ಸಾಲು ಅವರಿಗೆ ಬಾಯಿಪಾಠ. ಕಮಲಾಕ್ಷಿ ಫೈನಾನ್ಸ್ ಕಾರ್ಪೊರೇಷನ್ ಎಂಬ ಕೇಂದ್ರ ಅಬಕಾರಿ ಸುಂಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಈ ಸಾಲಿಗೆ ಛೀಮಾರಿ ಹಾಕಿತ್ತು. ಮೇಲಿನವರ ಆದೇಶ ಇಲಾಖೆಗೆ 'ಒಪ್ಪಿಗೆಯಿಲ್ಲ' ಎನ್ನುವ ಮಾತೇ ಆಕ್ಷೇಪಾರ್ಹ. ಮೇಲ್ಮನವಿ ಹಾಕಿದ್ದೇವೆ ಎಂದ ಮಾತ್ರಕ್ಕೆ ಆದೇಶ ಪಾಲಿಸದೆ ಕೂರುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಮೂರು ದಶಕ ಕಳೆದಿದೆ. ಆ ತೀರ್ಪನ್ನೂ ಇಲಾಖೆ ಒಪ್ಪಿದಂತೆ ಕಾಣುವುದಿಲ್ಲ.

ಅಮೆರಿಕದ ತೆರಿಗೆ ಇಲಾಖೆಯೂ ಸೋಲುತ್ತದೆ, ಅದಕ್ಕೂ ಸಿಟ್ಟು ಬರುತ್ತದೆ. ಆದರೆ ಕೆಲವು ಪ್ರಕರಣಗಳಲ್ಲಿ ಸೋತ ಮೇಲೆ ತನ್ನ ನಿಲುವನ್ನು ಅದು ಅಚ್ಚು ಹಾಕಿಸಿ ಪ್ರಕಟಿಸುತ್ತದೆ: ಒಪ್ಪಿದ್ದೇವೆ, ಫಲಿತಾಂಶವನ್ನಷ್ಟೇ ಒಪ್ಪಿದ್ದೇವೆ, ಒಪ್ಪಿಲ್ಲ, ಈ ಮೂರರಲ್ಲಿ ಒಂದು. ಅಹಂಕಾರವೇ ಇರಬಹುದು, ಆದರೆ ಬಹಿರಂಗ ಅಹಂಕಾರ; ಪ್ರಜೆಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯುತ್ತದೆ. ನಮ್ಮಲ್ಲಿ ಅದು ನೋಟಿಸು ಬಂದ ಮೇಲೆಯೇ ತಿಳಿಯುವುದು.

ಈಗ ನಮ್ಮ ಮಂಗಳೂರಿಗೆ ಬನ್ನಿ. ಕಡಲು, ಬಂದರು, ಬಂಗುಡೆ ಮೀನಿನ ಮಂಗಳೂರಲ್ಲ. ಯಲಬುರ್ಗಾದಿಂದ ಬೇರೆಯಾದ ಕುಕನೂರು ತಾಲ್ಲೂಕಿನ, ಜೋಳ ಕಡಲೆಯ ಮಂಗಳೂರು. ಇಂಥ ಊರಿನ ಒಂದು ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಿ. ಸದಸ್ಯರಿಗೆ ಸಾಲ ಕೊಡುತ್ತದೆ, ಕೈಯಲ್ಲಿ ಉಳಿದ ರೊಕ್ಕವನ್ನು ಬ್ಯಾಂಕಿನಲ್ಲಿಡುತ್ತದೆ, ಅದಕ್ಕೆ ನಾಲ್ಕು ಕಾಸು ಬಡ್ಡಿ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಪಿ ಕಲಮು ಸಹಕಾರ ಸಂಘಗಳಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಈ ಬಡ್ಡಿಗೆ ವಿನಾಯಿತಿ ಇದೆಯೋ ಇಲ್ಲವೋ? ಈ ಒಂದು ಪ್ರಶ್ನೆಯ ಮೇಲೆ ಕರ್ನಾಟಕದ ಸಹಕಾರ ಸಂಘಗಳು ಸುರಿದ ವಕೀಲರ ಫೀಜಿನಲ್ಲಿ ಇನ್ನಷ್ಟು ರೈತರಿಗೆ ಬೆಳೆಸಾಲ ಕೊಡಬಹುದಿತ್ತು.

2010ರಲ್ಲಿ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಲಾಖೆಯ ಪರ ತೀರ್ಪಿತ್ತಿತು. ಅಲ್ಲಿ ಸಂಘ ಸದಸ್ಯರ ಮಾಲು ಮಾರಿ, ಅವರಿಗೆ ಸಲ್ಲಬೇಕಾದ ಹಣವನ್ನು ತನ್ನಲ್ಲಿಟ್ಟುಕೊಂಡು ಬಡ್ಡಿಗೆ ಹಾಕಿತ್ತು. ಆ ಸಂಗತಿ ಬೇರೆ ಎಂದು ಅರಿತೇ ನ್ಯಾಯಾಲಯ ಈ ತೀರ್ಪು ಈ ಪ್ರಕರಣದ ಸಂಗತಿಗಳಿಗಷ್ಟೇ ಸೀಮಿತ ಎಂದು ತಾನೇ ಬರೆದಿತ್ತು. ಇಲಾಖೆಯ ಕಣ್ಣಿಗೆ ಆ ವಾಕ್ಯವೊಂದು ಬಿಟ್ಟು ಉಳಿದದ್ದೆಲ್ಲ ಬಿತ್ತು. ಸೀಮಿತ ತೀರ್ಪು ಸೀಮೆ ದಾಟಿ ಊರೂರು ಸುತ್ತಿತು.

2014ರಲ್ಲಿ ತುಮಕೂರು ಮರ್ಚೆಂಟ್ಸ್ ಸೌಹಾರ್ದ ಪ್ರಕರಣದಲ್ಲಿ ನಮ್ಮ ಹೈಕೋರ್ಟು, ಪತ್ತಿನ ಸಂಘ ತನ್ನ ಸ್ವಂತ ಹಣ ಬ್ಯಾಂಕಿನಲ್ಲಿಟ್ಟು ಪಡೆದ ಬಡ್ಡಿಗೆ ವಿನಾಯಿತಿ ಇದೆ, ಶಿರಸಿಯ ಕಥೆ ಇಲ್ಲಿಗೆ ಹೊಂದುವುದಿಲ್ಲ ಎಂದಿತು. ಥಟ್ಟನೆ ಇಲಾಖೆಗೆ ನ್ಯಾಯಶಾಸ್ತ್ರದ ಸೂಕ್ಷ್ಮಗಳೆಲ್ಲ ನೆನಪಾದವು: ತುಮಕೂರಿನ ಸಂಗತಿ ಬೇರೆ, ನಿಮ್ಮ ಸಂಗತಿ ಬೇರೆ! ಗೆದ್ದ ತೀರ್ಪು ಆಸೇತು ಹಿಮಾಚಲ ಅನ್ವಯ. ಸೋತ ತೀರ್ಪು ತುಮಕೂರು ಪೇಟೆಗೆ ಮಾತ್ರ. ಮುಂದೆ 2017ರಲ್ಲಿ ಅದೇ ಶಿರಸಿ ಸಂಘದ ವಿಷಯದಲ್ಲಿ ಹೈಕೋರ್ಟು ಜನವರಿಯಲ್ಲಿ ಸಂಘದ ಪರ, ಜೂನ್‌ನಲ್ಲಿ ಇಲಾಖೆಯ ಪರ ಎರಡು ತೀರ್ಪು ಕೊಟ್ಟಿತು. ಇಲಾಖೆಯ ಕ್ಯಾಲೆಂಡರಿನಲ್ಲಿ ಆ ವರ್ಷ ಜನವರಿ ತಿಂಗಳೇ ಇರಲಿಲ್ಲ. 2021ರ ಜನವರಿ 12ರಂದು ಕೇರಳದ ಮಾವಿಲಾಯಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು, 80ಪಿ ಸಹಕಾರ ಚಳವಳಿಯ ಒಳಿತಿಗೆ ಇರುವ ಕಲಮು, ಅದನ್ನು ಉದಾರವಾಗಿ ಓದಿರಿ ಎಂದರು. ಉದಾರ! ಇಲಾಖೆಯ ನಿಘಂಟಿನಲ್ಲಿ ಹುಡುಕಾಟ ಇನ್ನೂ ನಡೆದಿದೆ.

ಈ ನಡುವೆ ನಮ್ಮ ಸಂಘದ ಕಾರ್ಯದರ್ಶಿ ಆಡಿಟರ ಮುಂದೆ ಕೂತಿದ್ದಾನೆ ಎಂದುಕೊಳ್ಳಿ.

'ಸರ, ನಾವು ಗೆದ್ದೀವೋ, ಸೋತೀವೋ?'

'ಕಾನೂನಿನ್ಯಾಗ ಗೆದ್ದೀರಿ.'

'ಹಂಗಾದ್ರ ಈ ನೋಟಿಸು?'

'ಅದು ವಸೂಲಿಯ ಬಾಬತ್ತು. ಮೊದಲ ಮೇಲ್ಮನವಿ ಮುಗಿಯೂತನಕ ತಡೆ ಬೇಕಂದ್ರ 20 ಪರ್ಸೆಂಟ್ ತುಂಬ್ರಿ.'

ಕಾರ್ಯದರ್ಶಿಗೆ ಈ 20 ಪರ್ಸೆಂಟಿನ ಲೆಕ್ಕ 2017ರ ಸುತ್ತೋಲೆಯದು ಎಂದು ಗೊತ್ತಿಲ್ಲ. ಅದಕ್ಕೂ ಮೊದಲು 15 ಇತ್ತು. ಮುಂದೊಂದು ದಿನ ಗೆದ್ದು ಆ ಹಣ ವಾಪಸು ಬಂದರೆ ಇಲಾಖೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡುತ್ತದೆ. ಇವನು ಕಟ್ಟುವುದು ತಡವಾದರೆ ತಿಂಗಳಿಗೆ ಒಂದು ಪರ್ಸೆಂಟ್. ತಪ್ಪು ಯಾರದಾದರೂ ಬಡ್ಡಿ ವ್ಯವಹಾರದಲ್ಲಿ ಲಾಭ ಯಾರದು ಎಂಬುದು ಕಾಯ್ದೆಯಲ್ಲೇ ಇತ್ಯರ್ಥವಾಗಿದೆ.

ಮೇಲ್ಮನವಿ ಹೋಗುವುದು ಇಲಾಖೆಯ ಹಕ್ಕು. ಎಷ್ಟೋ ಸಲ ಅದರ ವಾದವೂ ಸರಿ ಇರುತ್ತದೆ. ಎಷ್ಟು ಸಲ ಎಂಬುದನ್ನು ಸರ್ಕಾರದ್ದೇ ಆದ 2017-18ರ ಆರ್ಥಿಕ ಸಮೀಕ್ಷೆ ಎಣಿಸಿ ಹೇಳಿತ್ತು. ನೇರ ತೆರಿಗೆ ವ್ಯಾಜ್ಯಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮೇಲ್ಮನವಿ ಇಲಾಖೆಯದ್ದೇ. ಗೆಲುವು ಮಾತ್ರ ಎಲ್ಲ ಹಂತಗಳಲ್ಲೂ ನೂರಕ್ಕೆ ಮೂವತ್ತರ ಒಳಗೆ. ಹೈಕೋರ್ಟುಗಳಲ್ಲಂತೂ ಬರೀ 13. ಇನ್ನೂ ಒಂದು ಲೆಕ್ಕ: ಬಾಕಿ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಹತ್ತು ಲಕ್ಷ ರೂಪಾಯಿಗಿಂತ ಚಿಕ್ಕವು, ಅವೆಲ್ಲ ಕೂಡಿದರೂ ಸಿಕ್ಕಿಕೊಂಡಿರುವ ಒಟ್ಟು ಹಣದಲ್ಲಿ ನೂರಕ್ಕೆ ಎರಡೂ ಆಗುವುದಿಲ್ಲ. ಜಾತ್ರೆಯ ಕಣದಲ್ಲಿ ನೂರು ಕುಸ್ತಿ ಹಿಡಿದು ಎಂಬತ್ತೇಳರಲ್ಲಿ ಬೆನ್ನು ಮಣ್ಣು ಮಾಡಿಕೊಂಡ ಪೈಲ್ವಾನನನ್ನು ಊರವರು ಮುಂದಿನ ವರ್ಷ ಕರೆಯುವುದಿಲ್ಲ. ಇಲಾಖೆ ಮಾತ್ರ ಮೀಸೆ ತಿರುವಿಕೊಂಡು ಎದ್ದು ನಿಲ್ಲುತ್ತದೆ: ನೋಡಿ, ಇದಕ್ಕೆ ಮಣ್ಣು ಹತ್ತಿಲ್ಲ.

ಈ ಮೀಸೆಯ ಹಿಂದೆ ಒಂದು ಹೆದರಿಕೆಯೂ ಇದೆ. ಸೋಲು ಒಪ್ಪಿ ಕಡತ ಮುಚ್ಚಿದ ಅಧಿಕಾರಿಯನ್ನು ಆಡಿಟ್ಟಿನವರು ಕೇಳುತ್ತಾರೆ, ವಿಜಿಲೆನ್ಸಿನವರು ಕೇಳುತ್ತಾರೆ: ಯಾಕೆ ಮೇಲ್ಮನವಿ ಹೋಗಲಿಲ್ಲ, ಯಾರು ಎಷ್ಟು ಕೊಟ್ಟರು? ಮೇಲ್ಮನವಿಗೆ ಸಹಿ ಹಾಕಿ, ದಿಲ್ಲಿಯವರೆಗೆ ಎಳೆದಾಡಿ, ಅಲ್ಲೂ ಸೋತವನನ್ನು ಯಾರೂ ಏನೂ ಕೇಳುವುದಿಲ್ಲ. ಅಷ್ಟರಲ್ಲಿ ಅವನಿಗೆ ಬಡ್ತಿಯೂ ಸಿಕ್ಕಿ, ವರ್ಗವೂ ಆಗಿ, ಸೋಲಿನ ಸುದ್ದಿ ಕುರ್ಚಿಯಲ್ಲಿ ಹೊಸದಾಗಿ ಕೂತವನಿಗೆ ತಲುಪುತ್ತದೆ. ಅವನು ಮರುಪರಿಶೀಲನಾ ಅರ್ಜಿ ಬರೆಯುತ್ತಾನೆ.

ಇದಕ್ಕೊಂದು ಕಡಿವಾಣ ಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿ ಮಿತಿ ಹಾಕಿಕೊಂಡಿದೆ. 2024ರ ಸೆಪ್ಟೆಂಬರಿನ ಸುತ್ತೋಲೆಯಂತೆ, ತೆರಿಗೆ ಮೊತ್ತ 60 ಲಕ್ಷ ದಾಟದಿದ್ದರೆ ಟ್ರಿಬ್ಯುನಲ್ಲಿಗೆ, 2 ಕೋಟಿ ದಾಟದಿದ್ದರೆ ಹೈಕೋರ್ಟಿಗೆ, 5 ಕೋಟಿ ದಾಟದಿದ್ದರೆ ಸುಪ್ರೀಂ ಕೋರ್ಟಿಗೆ ಇಲಾಖೆ ಸಾಮಾನ್ಯವಾಗಿ ಹೋಗುವುದಿಲ್ಲ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬಾಲದಲ್ಲಿ ಮುಳ್ಳಿದೆ: ಮೊತ್ತ ಚಿಕ್ಕದೆಂದು ಮೇಲ್ಮನವಿ ಬಿಟ್ಟರೆ ಇಲಾಖೆ ಆ ತೀರ್ಪನ್ನು ಒಪ್ಪಿದಂತಲ್ಲ. ಇದನ್ನು ಕಾಯ್ದೆಯ ಕಲಮಾಗಿಯೇ ಬರೆದಿಟ್ಟಿದ್ದಾರೆ. ಅಂದರೆ ಈ ವರ್ಷ ನೀವು ಗೆದ್ದ ಪ್ರಶ್ನೆಯನ್ನೇ ಮುಂದಿನ ವರ್ಷ ಮತ್ತೆ ಕೇಳಬಹುದು. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರು ಹಿಂದೆ ಮೇಷ್ಟ್ರು ಮಾತ್ರ ಇದ್ದರು.

ಇವೆಲ್ಲ ಚಿಲ್ಲರೆ ಪಟ್ಟುಗಳು. ದೊಡ್ಡ ಪಟ್ಟು ಕಾಲವನ್ನೇ ಹಿಂದಕ್ಕೆ ತಿರುಗಿಸುವುದು. ಈ ವಿದ್ಯೆ ಒಂದೇ ದಿನಕ್ಕೆ ಬಂದದ್ದಲ್ಲ. ಬೆಂಗಳೂರಿನ ಒಂದು ಊದುಬತ್ತಿ ಪಾಲುದಾರಿಕೆ ಸಂಸ್ಥೆ 1965ರಲ್ಲಿ ವಿಸರ್ಜನೆಯಾದಾಗ ಅದರ ಒಳ್ಳೆಯ ಹೆಸರಿಗೂ, ಅಂದರೆ ಗುಡ್‌ವಿಲ್ಲಿಗೂ, ಬೆಲೆ ಕಟ್ಟಿದರು. ಇಲಾಖೆ ಆ ಸುವಾಸನೆಗೂ ತೆರಿಗೆ ಕೇಳಿತು. ಇದೇ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ. ಕೊಂಡ ಬೆಲೆಯೇ ಇಲ್ಲದ ವಸ್ತುವಿನ ಮೇಲೆ ಬಂಡವಾಳ ಲಾಭ ಲೆಕ್ಕ ಹಾಕುವುದು ಹೇಗೆ ಎಂದು 1981ರಲ್ಲಿ ಸುಪ್ರೀಂ ಕೋರ್ಟು ಕೇಳಿತು, ಇಲಾಖೆ ಸೋತಿತು. ಆಗ ಸರ್ಕಾರ ಏನು ಮಾಡಿತು? 1987ರಲ್ಲಿ ಕಾಯ್ದೆ ತಿದ್ದಿ, ಕೊಂಡ ಬೆಲೆ ಸೊನ್ನೆ ಎಂದು ಬರೆದು, 1988ರ ಏಪ್ರಿಲ್ 1ರಿಂದ ಮುಂದಕ್ಕೆ ಜಾರಿ ಮಾಡಿತು. ಹಳೆಯದಕ್ಕೆ ಕೈ ಹಾಕಲಿಲ್ಲ. ಆ ಕಾಲದ ಅಧಿಕಾರಿಗಳಿಗೆ ಕೊಂಚ ನಾಚಿಕೆ ಇತ್ತು ಎಂದೇ ಈಗಿನವರು ಅವರನ್ನು ಹಳೇ ಕಾಲದವರು ಎನ್ನುವುದು.

2012ರ ಜನವರಿ 20ರಂದು ವೊಡಾಫೋನ್ ಪ್ರಕರಣದಲ್ಲಿ ಸಾವಿರಾರು ಕೋಟಿಯ ಬೇಡಿಕೆ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಮಾರ್ಚ್ 16ರಂದು ಪ್ರಣಬ್ ಮುಖರ್ಜಿ ಬಜೆಟ್ ಮಂಡಿಸಿ, ಕಾನೂನಿನ ಅರ್ಥ ಮೊದಲಿನಿಂದಲೂ ಇಲಾಖೆ ಹೇಳಿದಂತೆಯೇ ಇತ್ತು ಎಂದು ತಿದ್ದುಪಡಿ ತಂದರು. ಎಂದಿನಿಂದ? 1962ರ ಏಪ್ರಿಲ್ 1ರಿಂದ! ಆ ದಿನ ನಮ್ಮ ರಾಜ್ಯದ ಹೆಸರು ಮೈಸೂರು. ನಮ್ಮ ಮಂಗಳೂರು ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ, ಕೊಪ್ಪಳ ಜಿಲ್ಲೆ ಹುಟ್ಟಲು ಇನ್ನೂ 35 ವರ್ಷ ಬಾಕಿ. ಮೊಬೈಲು ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಮೊಬೈಲು ಕಂಪನಿಯ ಷೇರು ಕೇಮನ್ ದ್ವೀಪದಲ್ಲಿ ಕೈಬದಲಾದರೆ ಭಾರತಕ್ಕೆ ತೆರಿಗೆ ಎಂಬ ಅರ್ಥ ಕಾಯ್ದೆಯ ಹೊಟ್ಟೆಯಲ್ಲಿ ಬೆಚ್ಚಗೆ ಮಲಗಿತ್ತಂತೆ, ಸುಪ್ರೀಂ ಕೋರ್ಟಿಗೆ ಕಾಣಲಿಲ್ಲವಂತೆ.

ಮುಂದಿನದು ಗೊತ್ತಿರುವ ಕಥೆ. 2020ರ ಸೆಪ್ಟೆಂಬರಿನಲ್ಲಿ ಹೇಗ್‌ನ ಪಂಚಾಯ್ತಿ ವೊಡಾಫೋನ್ ಪರ ನಿಂತಿತು. ಅದೇ ತಿದ್ದುಪಡಿಯ ಇನ್ನೊಬ್ಬ ಗಿರಾಕಿ ಕೇರ್ನ್ ಕಂಪನಿ ಪ್ಯಾರಿಸ್ಸಿನಲ್ಲಿ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ಫ್ರಾನ್ಸಿನ ಕೋರ್ಟಿನಿಂದ ತಡೆ ತಂದಿತು. ಜಪ್ತಿಯ ರುಚಿ ತನಗೇ ಹತ್ತಿದಾಗ ಸರ್ಕಾರಕ್ಕೆ ಒಂಬತ್ತು ವರ್ಷದಲ್ಲಿ ಆಗದ ಜ್ಞಾನೋದಯ ಒಂದೇ ತಿಂಗಳಲ್ಲಿ ಆಯಿತು. 2021ರ ಆಗಸ್ಟ್‌ನಲ್ಲಿ ಹಿಂದಿನ ಬೇಡಿಕೆಗಳನ್ನು ಕೈಬಿಡುವ ಕಾಯ್ದೆ ಬಂತು. ಕಟ್ಟಿದ ಹಣ ವಾಪಸು. ಬಡ್ಡಿ ಮಾತ್ರ ಕೇಳಬೇಡಿ ಎಂಬ ಷರತ್ತಿನೊಂದಿಗೆ.

ಬುದ್ಧಿ ಬಂತೆಂದು ಸಮಾಧಾನಪಡುವಷ್ಟು ಹೊತ್ತೂ ಸಿಗಲಿಲ್ಲ. ಮರುನಿರ್ಧಾರಣೆಯ ಹಳೆಯ ಕಾನೂನು ಹೋದ ಮೇಲೂ ಅದೇ ಕಾನೂನಿನಡಿ ಕಳಿಸಿದ ಸುಮಾರು 90,000 ನೋಟಿಸುಗಳ ಗಲಾಟೆಯಲ್ಲಿ ಹಲವು ಹೈಕೋರ್ಟುಗಳು ಇಲಾಖೆಗೆ ಮಂಗಳಾರತಿ ಎತ್ತಿದವು. 2022ರ ಮೇ 4ರಂದು ಸುಪ್ರೀಂ ಕೋರ್ಟು ತನ್ನ ವಿಶೇಷಾಧಿಕಾರ ಬಳಸಿ ಆ ನೋಟಿಸುಗಳನ್ನು ಹೊಸ ಕಾನೂನಿನವೆಂದು ಎಣಿಸಿ ಉಳಿಸಿಕೊಟ್ಟಿತು. ಒಂದೇ ವಾರದಲ್ಲಿ ಮಂಡಳಿ ಹೊರಡಿಸಿದ ಸೂಚನೆ, ನೋಟಿಸುಗಳು ತಮ್ಮ ಮೂಲ ದಿನಾಂಕಕ್ಕೆ ಕಾಲದಲ್ಲಿ ಹಿಂದಕ್ಕೆ ಪ್ರಯಾಣ ಮಾಡುತ್ತವೆ ಎಂದು ಸಾರಿತು. ಕುಕನೂರಿನಿಂದ ಕೊಪ್ಪಳಕ್ಕೆ ಪ್ರಯಾಣ ಮಾಡಲು ನಮಗೆ ಬಸ್ಸು ಬೇಕು. ಇಲಾಖೆಯ ನೋಟಿಸಿಗೆ ಒಂದು ಸುತ್ತೋಲೆ ಸಾಕು.

ಇತ್ತೀಚಿನದು ಜಿಎಸ್‌ಟಿಯದು. ಭುವನೇಶ್ವರದ ಮಾಲ್ ಕಟ್ಟಿದವರ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಕಾಯ್ದೆಯ ಒಂದು ಕಲಮಿನಲ್ಲಿ 'ಸ್ಥಾವರ ಅಥವಾ ಯಂತ್ರ' ಎಂದಿತ್ತು, ಉಳಿದ ಕಡೆ 'ಸ್ಥಾವರ ಮತ್ತು ಯಂತ್ರ' ಎಂದಿತ್ತು. ಅದು ಬರೆಯುವಾಗಿನ ತಪ್ಪು ಎಂದು ಸರ್ಕಾರ ವಾದಿಸಿತು. ತಪ್ಪಾಗಿದ್ದರೆ ಇಷ್ಟು ವರ್ಷ ತಿದ್ದಬಹುದಿತ್ತಲ್ಲ ಎಂದು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆ ವಾದವನ್ನು ಬದಿಗಿಟ್ಟಿತು. ಸರ್ಕಾರ ಆ ಸಲಹೆಯನ್ನು ತಲೆಬಾಗಿ ಸ್ವೀಕರಿಸಿತು! ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಒಪ್ಪಿತು. 2025ರ ಹಣಕಾಸು ಕಾಯ್ದೆ 'ಅಥವಾ' ಅಳಿಸಿ 'ಮತ್ತು' ಬರೆಯಿತು, 2017ರ ಜುಲೈ 1ರಿಂದ, ಯಾವ ಕೋರ್ಟು ಏನೇ ಹೇಳಿದ್ದರೂ ಲೆಕ್ಕಕ್ಕಿಲ್ಲ ಎಂಬ ಒಕ್ಕಣೆಯೊಂದಿಗೆ. ರಿಟರ್ನ್ ತುಂಬುವಾಗ ವ್ಯಾಪಾರಿ ಒಂದು ಅಂಕಿ ತಪ್ಪಿ ಬರೆದರೆ ದಂಡ, ಬಡ್ಡಿ, ಕಾರಣ ಕೇಳಿ ನೋಟಿಸು. ಸರ್ಕಾರ ಒಂದು ಪದ ತಪ್ಪಿ ಬರೆದರೆ ಎಂಟು ವರ್ಷದ ಚರಿತ್ರೆ ತಿದ್ದುಪಡಿ, ಬಿಲ್ಲು ವ್ಯಾಪಾರಿಗೆ.

ಇಷ್ಟೆಲ್ಲ ನೋಡಿದ ಮೇಲೆ ಪ್ರಜೆಗಳೂ ಇಲಾಖೆಯಿಂದ ಕಲಿಯಬೇಕೆಂದು ನನ್ನ ನಮ್ರ ಸಲಹೆ. ಮುಂದಿನ ನೋಟಿಸು ಬಂದಾಗ ಈ ನಮೂನೆ ಬಳಸಿ:

'ತಮ್ಮ ನೋಟಿಸು ತಲುಪಿದೆ. ಅದನ್ನು ಗೌರವಿಸುತ್ತೇವೆ, ಆದರೆ ತಾತ್ವಿಕವಾಗಿ ಒಪ್ಪಿಕೊಂಡಿಲ್ಲ. ಮೊತ್ತ ನಮ್ಮ ಮಿತಿಗಿಂತ ಚಿಕ್ಕದಾದ್ದರಿಂದ ಮೇಲ್ಮನವಿ ಹೋಗುತ್ತಿಲ್ಲ. ಹೋಗದಿರುವುದನ್ನು ಒಪ್ಪಿಗೆ ಎಂದು ಭಾವಿಸತಕ್ಕದ್ದಲ್ಲ. ಹಣವನ್ನೂ ಕಟ್ಟುತ್ತಿಲ್ಲ. ಕಳೆದ ಸಾಲಿನ ನಮ್ಮ ರಿಟರ್ನಿನಲ್ಲಿ "ಆದಾಯ" ಎಂದಿರುವಲ್ಲೆಲ್ಲ "ನಷ್ಟ" ಎಂದು ಓದಿಕೊಳ್ಳತಕ್ಕದ್ದು, ಮೊದಲಿನಿಂದಲೂ ಹಾಗೆಯೇ ಓದಿಕೊಂಡಿದ್ದಿರೆಂದು ಭಾವಿಸತಕ್ಕದ್ದು. ಈ ಪತ್ರ 1962ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.'

ಇದನ್ನು ಕಳಿಸಿದ ಸಂಘದ ಬ್ಯಾಂಕ್ ಖಾತೆ ಬೇಗನೆ ಜಪ್ತಿಯಾಗುತ್ತದೆ ಎಂಬುದರಲ್ಲಿ ಸಂಶಯ ಬೇಡ. ಅವೇ ಮಾತು, ಅದೇ ಧೈರ್ಯ. ಪ್ರಜೆ ಬರೆದರೆ ಸುಸ್ತಿದಾರ ಎನ್ನುತ್ತಾರೆ, ಸರ್ಕಾರ ಬರೆದರೆ ಕಂದಾಯದ ಹಿತ ಎನ್ನುತ್ತಾರೆ.