ಆರನೇ ಮಾನದಂಡ

(ಲಿಂಗನಮಕ್ಕಿ ಹಿನ್ನೀರಿನ ಕಡೆಯ ಒಂದು ಕಾಲೇಜು. ಬೆಳಗಾದರೆ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ.)

ಪ್ರಾಂಶುಪಾಲ: ಮಂಜಪ್ಪಾ, ಗುಣಮಟ್ಟ ಭರವಸೆ ಕೋಶದ ಬೋರ್ಡು ರೆಡಿಯೇನೋ?

ಮಂಜಪ್ಪ: ರೆಡಿ ಸಾರ್. ಕೋಶ ಯಾವ ರೂಮಲ್ಲಿದೆ ಅಂದ್ರೆ ಅಲ್ಲಿ ಹೊಡೀತೀನಿ.

ಪ್ರಾಂಶುಪಾಲ: ಮೆಟ್ಟಿಲ ಕೆಳಗೆ. ಪೊರಕೆ ತೆಗೆದಿಡು.

ಮಂಜಪ್ಪ: ಐದು ವರ್ಷದ ಸಭೆ ನಡಾವಳಿ?

ಪ್ರಾಂಶುಪಾಲ: ರಾತ್ರಿ ಬರೆಯೋಣ. ಐದು ಥರದ ಪೆನ್ನು ತಾ. ಏಳು ಮಾನದಂಡದಲ್ಲಿ ಆರನೆಯದೇ ಆಡಳಿತ, ನಾಯಕತ್ವ. ಸಾವಿರಕ್ಕೆ ನೂರು ಅಂಕ. ಅದು ನಾನು!

ಮಂಜಪ್ಪ: ಉಳಿದ ಒಂಬೈನೂರು?

ಪ್ರಾಂಶುಪಾಲ: ಮೇಷ್ಟ್ರುಗಳದ್ದು. ಕಮ್ಮಿ ಬಂದ್ರೆ ನೋಟಿಸ್.

ಮಂಜಪ್ಪ: ನಮ್ಮ ಭಾವ ಡ್ಯಾಮಲ್ಲಿದ್ದ ಸಾರ್. ಗರಿಷ್ಠ ಮಟ್ಟ 1819 ಅಡಿ. ದಿನಾ ನೋಡಿ ಬರೀತಿದ್ರಂತೆ. ಮಳೆ ಕೈಕೊಟ್ಟ ವರ್ಷವೂ ಅಳತೆಪಟ್ಟಿ ಕೆಳಗಿಳಿಸ್ಲಿಲ್ಲ.

ಪ್ರಾಂಶುಪಾಲ: ಅವರಿಗೇನು ಎ ಗ್ರೇಡ್ ಬೇಕಿತ್ತೇನೋ?

ಮಂಜಪ್ಪ: ಕರೆಂಟ್ ಬೇಕಿತ್ತು ಸಾರ್.

ಪ್ರಾಂಶುಪಾಲ: ಸಾಕು. ನನ್ನ ಕುರ್ಚಿ ಹಿಂದೆ ಕುವೆಂಪು ಫೋಟೋ ಹಾಕು. ನಮ್ಮ ತೀರ್ಥಹಳ್ಳಿಯವರು, ಕುಲಪತಿಯಾಗಿ 1960ರಲ್ಲಿ ಮಾನಸಗಂಗೋತ್ರಿ ಕಟ್ಟಿದವರು.

ಮಂಜಪ್ಪ: ಆಗ ನ್ಯಾಕ್ ಇತ್ತಾ ಸಾರ್?

ಪ್ರಾಂಶುಪಾಲ: ಎಲ್ಲಿತ್ತು? ಬಂದಿದ್ದೇ 1994ರಲ್ಲಿ.

ಮಂಜಪ್ಪ: ಮತ್ತೆ ಯಾರಿಗೆ ತೋರ್ಸಕ್ಕೆ ಕಟ್ಟಿದ್ರು?

ಪ್ರಾಂಶುಪಾಲ: ಮಂಜಪ್ಪಾ, ನಾಳೆ ನಿಂಗೆ ರಜೆ. ಅರ್ಜಿ ನಾನೇ ಬರ್ಕೋತೀನಿ. ಪೆನ್ನು ಮಾತ್ರ ಆರು ತಾ.